ದೀಪಾಳ ಸಾಲಿನ ಆರು ಖಾಲಿ ಚೌಕ

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಒಂದು ಕುಟುಂಬದ ಬಗ್ಗೆ, ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಹಿಡಿಯಬಹುದಾದ ವಿವರ ಎಲ್ಲವನ್ನೂ ಬದಲಿಸಿದ್ದೇನೆ.

ಏಪ್ರಿಲ್ ತಿಂಗಳ ಎರಡನೇ ವಾರ. ಸವಿತಾ ಮೈಸೂರಿನಲ್ಲಿರುವ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಬಂದಾಗ ಕೈಯಲ್ಲಿ ಸುತ್ತಿದ ಡ್ರಾಯಿಂಗ್ ಶೀಟ್ ಇತ್ತು. ಬಿಚ್ಚಿಹೋಗದ ಹಾಗೆ ರಬ್ಬರ್ ಬ್ಯಾಂಡ್ ಹಾಕಿದ್ದರು. ಶ್ರೀರಂಗಪಟ್ಟಣದಾಚೆಯ ಹಳ್ಳಿಯಿಂದ ಎರಡು ಬಸ್ ಬದಲಿಸಿ ಬಂದಿದ್ದರು. ವಯಸ್ಸು 34.

"ನಿದ್ದೆ ಬರ್ತಿಲ್ಲ ಮೇಡಂ. ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತೆ. ಯಾವ ಮಗುಗೆ ಯಾವ ಪಾಠ ಬಾಕಿ ಇದೆ ಅಂತ ಲೆಕ್ಕ ಶುರುವಾಗುತ್ತೆ. ಬೆಳಗಿನವರೆಗೂ ಅದೇ."

ಅವರದು ಕೂಡು ಕುಟುಂಬ. ಗಂಡ ಮತ್ತು ಭಾವ ಇಬ್ಬರೂ ಕಬ್ಬು, ಭತ್ತ ಬೆಳೆಯುತ್ತಾರೆ. ಓರಗಿತ್ತಿ ಮೈಸೂರಿನಲ್ಲಿ ನರ್ಸ್, ಪಾಳಿ ಕೆಲಸ. ಮನೆಯಲ್ಲಿ ಐದು ಮಕ್ಕಳು. ಓರಗಿತ್ತಿಯ ಮಗಳು ದೀಪಾಗೆ 13, ಮಗನಿಗೆ 11. ಸವಿತಾ ಅವರ ಮಗಳಿಗೆ 8, ಗಂಡುಮಕ್ಕಳಿಗೆ 6 ಮತ್ತು 3. ಜೊತೆಗೆ ಅತ್ತೆ. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಮನೆಯಲ್ಲೇ ಕಲಿಸಲು ಶುರು ಮಾಡಿದರು. ಶಾಲೆ ತೆರೆದ ಮೇಲೂ ದೊಡ್ಡ ಹುಡುಗ ಹೋಗಲು ಹೆದರಿದ. ಹಾಗೇ ಮುಂದುವರಿಯಿತು. ಸವಿತಾ ಡಿ.ಎಡ್ ಮಾಡಿದ್ದಾರೆ, ಕೆಲಸ ಸಿಕ್ಕಿರಲಿಲ್ಲ. ಮನೆಯವರೆಲ್ಲ "ಟೀಚರ್ ಮನೆಯಲ್ಲೇ ಇದ್ದಾಳಲ್ಲ" ಅಂದರು.

ಅವರು ಶೀಟ್ ಬಿಚ್ಚಿ ಮೇಜಿನ ಮೇಲೆ ಹರಡಿದರು. ಜೂನ್‌ನಿಂದ ಶುರುವಾಗುವ ವರ್ಷದ ಯೋಜನೆ. ಸ್ಕೇಲ್ ಇಟ್ಟು ಗೆರೆ ಎಳೆದು, ಮಗುವಿಗೊಂದು ಬಣ್ಣ ಹಚ್ಚಿದ್ದರು. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನೋಡಿ ನನಗೆ ಸಂಕಟವಾಯಿತು. ಇದನ್ನು ಬರೆಯಲು ಎಷ್ಟು ರಾತ್ರಿ ಕೂತಿರಬೇಕು! ಮೂರು ವರ್ಷದವನನ್ನು ಬಿಟ್ಟು ನಾಲ್ಕು ಮಕ್ಕಳು, ನಾಲ್ಕು ಸಾಲು. ದಿನಕ್ಕೆ 40 ನಿಮಿಷದ 9 ಪೀರಿಯಡ್. ವಾರಕ್ಕೆ ಆರು ದಿನ. ರಜೆ ಅಂತ ಗುರುತು ಹಾಕಿದ್ದು ವರ್ಷಕ್ಕೆ ಎರಡೇ ವಾರ.

ನಾನು ಪೆನ್ಸಿಲ್ ತೆಗೆದುಕೊಂಡು ಸೋಮವಾರದ ಚೌಕಗಳನ್ನು ಎಣಿಸಿದೆ. ನಾಲ್ಕು ಸಾಲಿಗೆ ಒಟ್ಟು 36. ಕಲಿಸುವವರು ಒಬ್ಬರು. ಅವರು ಕೂರಬಹುದಾದದ್ದು 9 ಚೌಕದಲ್ಲಿ ಮಾತ್ರ. ಅಲ್ಲಿ "ಸ" ಅಂತ ಬರೆದಿದ್ದರು. ಹಲವು ಚೌಕಗಳಲ್ಲಿ "ಸ್ವಂತ" ಅಂತಿತ್ತು. ಚಿಕ್ಕವರಿಬ್ಬರ ಸಾಲಿನಲ್ಲಿ ಆರು ಕಡೆ "ದೀ" ಅಂತಿತ್ತು. ಆಮೇಲೆ ದೀಪಾಳದೇ ಸಾಲು ನೋಡಿದೆ. ಅದೇ ಹೊತ್ತಿನ ಆರು ಚೌಕ ಖಾಲಿ. ಅವಳ ಬಣ್ಣವನ್ನೂ ಹಚ್ಚಿರಲಿಲ್ಲ.

ಅವತ್ತು ಅದರ ಬಗ್ಗೆ ನಾನು ಏನೂ ಹೇಳಲಿಲ್ಲ. ನಿದ್ದೆ ಇಲ್ಲದೆ ಬಂದ ತಾಯಿಗೆ ಮೊದಲ ದಿನವೇ ತಪ್ಪು ತೋರಿಸಿದರೆ ಆಕೆ ಇನ್ನೊಂದು ಶೀಟ್ ತರುತ್ತಾರೆ, ಅಷ್ಟೇ. ಊಟ, ಸುಸ್ತು, ಸಾಯಬೇಕು ಅನ್ನಿಸುತ್ತದೆಯೇ ಎಂಬುದನ್ನೆಲ್ಲ ಕೇಳಿದೆ. ಅಂಥ ಯೋಚನೆ ಇರಲಿಲ್ಲ. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ ಎಂದಿದ್ದರಿಂದ ರಕ್ತ ಪರೀಕ್ಷೆ ಮಾಡಿಸಲು ಹೇಳಿದೆ. ಹಿಮೋಗ್ಲೋಬಿನ್ 9ರ ಆಸುಪಾಸಿನಲ್ಲಿತ್ತು. ಡಾಕ್ಟರ್ ಮಾತ್ರೆ ಕೊಟ್ಟರು. ಮನಸ್ಸಿನ ಭಾರ ಅಂದುಕೊಂಡಿದ್ದರಲ್ಲಿ ಸ್ವಲ್ಪ ರಕ್ತದ ಕೊರತೆಯೂ ಇತ್ತು. ಮನೆಯಲ್ಲಿ ಎಲ್ಲರ ನಂತರ ಉಣ್ಣುವ ಹೆಂಗಸರಲ್ಲಿ ಇದನ್ನು ನಾನು ಜಾಸ್ತಿ ನೋಡುತ್ತೇನೆ.

ಮುಂದಿನ ವಾರ ದೀಪಾಳನ್ನೂ ಕರೆದುಕೊಂಡು ಬನ್ನಿ ಎಂದಿದ್ದೆ. ಚಿಕ್ಕಮ್ಮ ಹೊರಗೆ ಕೂತರು. ಹುಡುಗಿ ತನ್ನ ಗಣಿತದ ನೋಟ್‌ಬುಕ್ ತಂದಿದ್ದಳು. ಒಂದು ಪುಟದಲ್ಲಿ ಬೀಜಗಣಿತದ ಲೆಕ್ಕ. ಎರಡು ಸಾಲು ನೀಲಿ ಇಂಕಿನಲ್ಲಿ, ಮೂರನೆಯದು ಕಪ್ಪು ಇಂಕಿನಲ್ಲಿ, ನಾಲ್ಕನೆಯದು ಪೆನ್ಸಿಲ್‌ನಲ್ಲಿ. ಒಂದು ಲೆಕ್ಕಕ್ಕೆ ಮೂರು ಸಲ ಕೂತಿದ್ದಳು. ಪುಟದ ಅಂಚಿನಲ್ಲಿ ದೊಡ್ಡ ವಕ್ರ ಅಕ್ಷರದಲ್ಲಿ "ಈ" ಬರೆದಿತ್ತು, ಅದು ಆರು ವರ್ಷದ ತಮ್ಮನದು.

"ಕೋಪ ಇದೆಯಾ?" ಎಂದು ಕೇಳಿದೆ.

"ಇಲ್ಲ ಮೇಡಂ. ಚಿಕ್ಕಮ್ಮ ಒಬ್ರೇ ಎಷ್ಟು ಅಂತ ಮಾಡ್ತಾರೆ? ಪುಟ್ಟ ಅತ್ರೆ ಯಾರಾದ್ರೂ ಏಳಬೇಕು ಅಲ್ವಾ?" ಸ್ವಲ್ಪ ಹೊತ್ತು ಬಿಟ್ಟು, "ಎದ್ದು ಬಂದ ಮೇಲೆ ಲೆಕ್ಕ ಎಲ್ಲಿವರೆಗೆ ಬಂದಿತ್ತು ಅಂತ ಮರೆತು ಹೋಗುತ್ತೆ" ಎಂದಳು.

ಹೊಸ ವರ್ಷದಲ್ಲಿ ನಿನಗೆ ಒಂದೇ ಒಂದು ಕೊಡಿಸಬಹುದು ಅಂದರೆ ಏನು ಕೇಳುತ್ತೀಯಾ ಎಂದೆ. ಫೋನ್ ಕೇಳುತ್ತಾಳೆ ಅಂದುಕೊಂಡಿದ್ದೆ. ಆದರೆ ಅವಳು ಕೇಳಿದ್ದು ಬೇರೆ. "ಭತ್ತದ ಮೂಟೆ ಇಡೋ ಕೋಣೆಗೆ ಒಳಗಿನಿಂದ ಒಂದು ಚಿಲಕ."

ಮೂರನೇ ಭೇಟಿಗೆ ಸವಿತಾ ಒಬ್ಬರೇ ಬಂದರು. ಆಗ ಖಾಲಿ ಚೌಕಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಅತ್ತರು. ಅತ್ತು ಮುಗಿದ ಮೇಲೆ ನಿಜವಾದ ಭಯ ಹೊರಗೆ ಬಂತು. "ದೀಪಾ ಅಕ್ಕನ ಮಗಳು. ಅವಳು ಹಿಂದೆ ಬಿದ್ದರೆ ಊರೆಲ್ಲ ನನ್ನನ್ನೇ ಆಡಿಕೊಳ್ಳುತ್ತೆ. ಅದಕ್ಕೇ ಇಷ್ಟು ಪೀರಿಯಡ್ ಹಾಕಿದೆ. ಹಾಕಿ ಹಾಕಿ ಅವಳದೇ ಹೊತ್ತು ತಿಂದುಬಿಟ್ಟಿದ್ದೀನಿ."

ಆ ಚಾರ್ಟ್ ಮಕ್ಕಳಿಗಿಂತ ಜಾಸ್ತಿ ಊರಿಗೆ ತೋರಿಸಲು ಬರೆದದ್ದಾಗಿತ್ತು. ಒಂದು ಮನೆಯೊಳಗೆ ನಾಲ್ಕು ಶಾಲೆ ನಡೆಸುವ ಯೋಜನೆ. ಹೀಗೆ ಮಾಡುವ ಎಲ್ಲರಿಗೂ ನಾನು ಒಂದೇ ಮಾತು ಹೇಳುತ್ತೇನೆ. ಪಾಠ ಬರೆಯುವ ಮೊದಲು ಯಾರ ಹೊತ್ತು ಎಷ್ಟಿದೆ ಅಂತ ಬರೆಯಿರಿ. ತಾಯಿಯ ಹೊತ್ತು, ಅಜ್ಜಿಯ ಹೊತ್ತು, ದೊಡ್ಡ ಮಗುವಿನ ಹೊತ್ತು. ದೊಡ್ಡ ಹೆಣ್ಣುಮಗುವಿನ ಹೊತ್ತನ್ನು ಮಾತ್ರ ಯಾರೂ ಕೇಳಿ ತೆಗೆದುಕೊಳ್ಳುವುದಿಲ್ಲ. ಇದ್ದೇ ಇದೆ ಅಂದುಕೊಳ್ಳುತ್ತೇವೆ.

ಅವರ ಭಯಕ್ಕೆ ಲೆಕ್ಕದಲ್ಲೇ ಉತ್ತರ ಕೊಟ್ಟೆ. 2009ರ ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಇರಬೇಕು ಎನ್ನುತ್ತದೆ. 6ರಿಂದ 8ಕ್ಕೆ 220 ದಿನ, 1000 ಗಂಟೆ. ಅಂದರೆ ದಿನಕ್ಕೆ ನಾಲ್ಕು, ನಾಲ್ಕೂವರೆ ಗಂಟೆ. ಅದೂ ತುಂಬಿದ ತರಗತಿಗೆ. ಸವಿತಾ ಅವರ ಚಾರ್ಟ್ ಪ್ರಕಾರ ದಿನಕ್ಕೆ ಆರು ಗಂಟೆ, 300 ದಿನ, ಒಟ್ಟು 1800 ಗಂಟೆ. ಆರು ವರ್ಷದವನಿಗೂ ಅಷ್ಟೇ. "ಇಷ್ಟನ್ನು ಯಾವ ಶಾಲೆಯೂ ಕೊಡಲ್ಲ" ಎಂದಾಗ ಅವರು ಮೊದಲ ಸಲ ನಕ್ಕರು.

ನಾಲ್ಕನೇ ಭೇಟಿಗೆ ಮನೆಯ ದೊಡ್ಡವರೆಲ್ಲ ಬಂದರು. ಅತ್ತೆಯೂ ಬಂದರು. ಅವರು ಬಂದದ್ದೇ ದೊಡ್ಡ ಅನುಕೂಲವಾಯಿತು. ಒಂಟಿಕೊಪ್ಪಲ್ ಪಂಚಾಂಗದ ಗೋಡೆ ಕ್ಯಾಲೆಂಡರ್ ಬಿಡಿಸಿ, ಈ ಮನೆಯಲ್ಲಿ ಪಾಠ ಸಾಧ್ಯವೇ ಇಲ್ಲದ ವಾರ ಯಾವುದು ಹೇಳಿ ಎಂದೆ. ಅತ್ತೆ ಪಟಪಟನೆ ಹೇಳಿದರು. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ ಆಳುಗಳಿಗೆ ಅಡುಗೆ, ಎರಡು ವಾರ. ಪಿತೃಪಕ್ಷದಿಂದ ದಸರಾ ಮುಗಿಯುವವರೆಗೆ ನೆಂಟರು, ಮೂರು ವಾರ. ಕೊಯ್ಲಿಗೆ ಎರಡು. ಸಂಕ್ರಾಂತಿಗೆ ಒಂದು, ದನ ತೊಳೆದು ಕಿಚ್ಚು ಹಾಯಿಸುವವರೆಗೆ ಮಕ್ಕಳು ಪುಸ್ತಕ ಮುಟ್ಟಲ್ಲ. ಯುಗಾದಿ, ಮಾರಿಹಬ್ಬಕ್ಕೆ ಎರಡು. ಅದರ ಮೇಲೆ ಕಾಯಿಲೆ, ಸಾವು, ಮದುವೆಗೆ ಅಂತ ಎರಡು ವಾರ ಹೆಸರಿಲ್ಲದೆ ಬಿಡಿಸಿದೆ. ಒಟ್ಟು 12 ವಾರ ಹೋಯಿತು, 40 ಉಳಿಯಿತು. ವಾರಕ್ಕೆ ಐದು ದಿನವಾದರೂ 200 ದಿನ ಆಯಿತಲ್ಲ! ಸವಿತಾ ಎರಡು ಸಲ ಗುಣಿಸಿ ನೋಡಿದರು.

ಇನ್ನು ದಿನದ ವಿಷಯ. ನಲಿ-ಕಲಿ ನೆನಪಿದೆಯಾ ಎಂದು ಕೇಳಿದೆ. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ಆ ಕಲಿಕಾ ಪದ್ಧತಿ ಹುಟ್ಟಿದ್ದು ನಮ್ಮ ಮೈಸೂರು ಜಿಲ್ಲೆಯ ಹೆಚ್.ಡಿ. ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಒಂದೇ ಕೋಣೆ, ಒಬ್ಬರೇ ಶಿಕ್ಷಕರು, ಬೇರೆ ಬೇರೆ ವಯಸ್ಸಿನ ಮಕ್ಕಳು. ಅಲ್ಲಿ ಮಕ್ಕಳನ್ನು ಗುಂಪು ಮಾಡುವುದು ಎಷ್ಟು ಸಹಾಯ ಬೇಕು ಎಂಬುದರ ಮೇಲೆ. ಶಿಕ್ಷಕರು ಪೂರ್ತಿ ಪಕ್ಕದಲ್ಲಿ ಇರಬೇಕಾದವರು, ಅರ್ಧ ಸಹಾಯ ಸಾಕಾದವರು, ಜೊತೆಯವರಿಂದ ಕಲಿಯುವವರು, ತಾವೇ ಮಾಡಿಕೊಳ್ಳುವವರು. "ಡಿ.ಎಡ್‌ನಲ್ಲಿ ಓದಿದ್ದೆ ಮೇಡಂ. ಮನೆಗೂ ಆಗುತ್ತೆ ಅಂತ ಹೊಳೆದೇ ಇರಲಿಲ್ಲ" ಎಂದರು ಸವಿತಾ.

ಹಾಗೇ ಬರೆದೆವು. ಬೆಳಿಗ್ಗೆ 9ರಿಂದ 10:30 ಕನ್ನಡ ಮತ್ತು ಗಣಿತ. ಆಗ ಸವಿತಾ ಕೂರುವುದು ಇಬ್ಬರು ಚಿಕ್ಕವರ ಪಕ್ಕ ಮಾತ್ರ. ದೊಡ್ಡ ಹುಡುಗ ಎದುರಿಗೆ ಕೂತು ಮಾಡುತ್ತಾನೆ, ಅಡ್ಡಿಯಾದರೆ ಕೇಳುತ್ತಾನೆ. ದೀಪಾ ಕೋಣೆಯಲ್ಲಿ. ಪುಟ್ಟನನ್ನು ಅಂಗನವಾಡಿಗೆ ಕಳಿಸಿ ಎಂದೆ. "ಆಗ ಅದು ಹೋಂಸ್ಕೂಲ್ ಹೇಗಾಗುತ್ತೆ?" ಎಂದರು. ಮೂರು ತುಂಬಿದ ಮಗುವಿಗೆ ಜೊತೆಗಾರರು, ಊಟ ಎರಡೂ ಸಿಗುತ್ತದೆ. ಅದಕ್ಕೆ ಹೆಸರು ಏನಾದರೇನು?

ಉಳಿದದ್ದೆಲ್ಲ ಒಟ್ಟಿಗೆ. ಒಂದು ವಿಷಯ, ನಾಲ್ಕು ಆಳ. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗಲಿಲ್ಲ. ಆಗ ಸವಿತಾ ಅವರ ಗಂಡ, "ನಮ್ಮ ಆಲೆಮನೆ ಥರಾನಾ?" ಎಂದರು. ಹೌದು, ಅದೇ! ಆರು ವರ್ಷದವನು ಅಚ್ಚುಬೆಲ್ಲವನ್ನು ಹತ್ತು ಹತ್ತರ ಗುಂಪು ಮಾಡಿ ಎಣಿಸಲಿ. ಎಂಟು ವರ್ಷದವಳು ತೂಕ ಹಾಕಿ ಬರೆಯಲಿ. ನೂರು ಕೆಜಿ ಕಬ್ಬಿಗೆ ಸುಮಾರು ಹತ್ತು ಕೆಜಿ ಬೆಲ್ಲ ಬರುತ್ತದೆ. ನಮ್ಮ ಕಬ್ಬಿಗೆ ಎಷ್ಟು ಬಂತು, ಸೌದೆ, ಆಳಿನ ಕೂಲಿ ಕಳೆದರೆ ಏನು ಉಳಿಯಿತು ಎಂದು ಹನ್ನೊಂದರವನು ಶೇಕಡಾ ಲೆಕ್ಕ ಮಾಡಲಿ. ಕೊಪ್ಪರಿಗೆಗೆ ಬೆಂಡೆ ಗಿಡದ ಲೋಳೆ, ಸುಣ್ಣ ಯಾಕೆ ಹಾಕುತ್ತಾರೆ, ಕೊಳೆ ಹೇಗೆ ಮೇಲೆ ಬರುತ್ತದೆ ಎಂದು ದೀಪಾ ಕೇಳಿ ಬರೆಯಲಿ. ಆ ಮನುಷ್ಯ ಅಲ್ಲಿಯವರೆಗೆ ಬಾಗಿಲ ಪಕ್ಕ ಸುಮ್ನೆ ಕೂತಿದ್ದರು. "ಅದನ್ನು ನಾನೇ ಹೇಳಿಕೊಡ್ತೀನಿ" ಎಂದು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ಕನ್ನಂಬಾಡಿ ಕಟ್ಟೆ, ಮೈಸೂರಿನ ರೈಲು ಮ್ಯೂಸಿಯಂ, ಹೀಗೆ ತಿಂಗಳಿಗೊಂದು ಅವರೇ ಪಟ್ಟಿ ಮಾಡಿದರು. ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ಗೂಡು ಕಟ್ಟಿದ ಮೇಲೆ, ಸಂಕ್ರಾಂತಿ ಕಳೆದು ಹೋಗೋಣ ಎಂದು ತಿದ್ದಿದ್ದು ಅತ್ತೆ.

ಕಾನೂನಿನ ಬಗ್ಗೆ ಓರಗಿತ್ತಿಗೆ ಆತಂಕ ಇತ್ತು. ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಶಾಲೆಯ ಹಕ್ಕನ್ನು ಹೇಳುತ್ತದೆ, ಮನೆಪಾಠಕ್ಕೆ ಪ್ರತ್ಯೇಕ ನಿಯಮ ಕೊಟ್ಟಿಲ್ಲ. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಮೇಷ್ಟ್ರು ಮನೆಗೆ ಬಂದರೆ ಅಡಗಿಸಬೇಡಿ, ಮಕ್ಕಳ ಪುಸ್ತಕ, ದಿನಚರಿ ತೋರಿಸಿ ಎಂದೆ. ಬೇಕಾದಾಗ ವಯಸ್ಸಿಗೆ ತಕ್ಕ ತರಗತಿಗೆ ಸೇರುವ ಹಕ್ಕು ಅದೇ ಕಾಯ್ದೆಯಲ್ಲಿದೆ. ಹತ್ತನೇ ತರಗತಿಯನ್ನು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ ಬರೆಯಬಹುದು. 14 ತುಂಬಿರಬೇಕು, ಐದು ವಿಷಯ, ವರ್ಷಕ್ಕೆ ಎರಡು ಸಲ ಪರೀಕ್ಷೆ. ಆದರೆ ಯಾವುದು ಎಂದು ನಿರ್ಧರಿಸುವಾಗ ದೀಪಾ ಕೂತಿರಬೇಕು. ಇದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಇನ್ನೊಂದು ವಿಷಯ. ಎಂಟು ವರ್ಷದ ಮಗಳು ಒತ್ತಕ್ಷರ ಬಂದ ಕಡೆಯೆಲ್ಲ ನಿಲ್ಲುತ್ತಿದ್ದಳು. ಕಥೆಯನ್ನು ಕೇಳಿಸಿಕೊಂಡರೆ ಸೊಗಸಾಗಿ ಹೇಳುತ್ತಿದ್ದಳು, ಓದು ಅಂದರೆ ಬೆರಳು ಹಿಸುಕುತ್ತಿದ್ದಳು. ಸೋಮಾರಿತನ ಅಂದುಕೊಂಡಿದ್ದರು. ಮನೆಯಲ್ಲಿ ಅದೇ ವಯಸ್ಸಿನ ಇನ್ನೊಂದು ಮಗು ಇರುವುದಿಲ್ಲ, ಹಾಗಾಗಿ ತೊಂದರೆ ಕಣ್ಣಿಗೆ ಬೀಳುವುದು ತಡವಾಗುತ್ತದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿಕಾ ತೊಂದರೆಯ ಪರೀಕ್ಷೆ ಮಾಡುತ್ತಾರೆ. ಅಲ್ಲಿಗೆ ಕಳಿಸಿದೆ. ಅಲ್ಲಿಂದ ಕೊಟ್ಟ ಅಭ್ಯಾಸಗಳನ್ನು ಈಗ ದಿನಕ್ಕೆ 20 ನಿಮಿಷ ಮಾಡಿಸುತ್ತಿದ್ದಾರೆ. ನಿಧಾನ ಇದೆ.

ಎಲ್ಲವೂ ಬರೆದ ಹಾಗೆ ನಡೆಯಲಿಲ್ಲ. ಆಗಸ್ಟ್‌ನಲ್ಲಿ ಅತ್ತೆ ಜಾರಿ ಬಿದ್ದರು. ಹೆಸರಿಲ್ಲದ ಎರಡು ವಾರ ಒಂದೇ ಸಲ ಖರ್ಚಾಯಿತು, ಇನ್ನೊಂದು ವಾರ ಸಾಲ ಬಿತ್ತು. ಸವಿತಾ ಫೋನ್ ಮಾಡಿ "ಹಿಂದೆ ಬಿದ್ವಿ" ಎಂದರು. ದಸರೆಯ ಮೂರು ವಾರದಲ್ಲಿ ಒಂದನ್ನು ವಾಪಸ್ ತೆಗೆದುಕೊಳ್ಳಿ, ಶನಿವಾರಗಳನ್ನು ಮಾತ್ರ ಮುಟ್ಟಬೇಡಿ ಎಂದೆ. ಓರಗಿತ್ತಿ ರಾತ್ರಿ ಪಾಳಿ ಮುಗಿಸಿ ಬಂದ ದಿನ ಮಕ್ಕಳಿಗೆ ಒಂದು ಗಂಟೆ ವಿಜ್ಞಾನ ಓದಿಸುತ್ತೇನೆ ಎಂದಿದ್ದರು. ಅದು ನಡೆಯಲಿಲ್ಲ, ನಡೆಯುವುದೂ ಕಷ್ಟ. ಬದಲಿಗೆ ಅವರು ಭಾನುವಾರದ ಅಡುಗೆ ಹಿಡಿದರು. ಸವಿತಾಗೆ ಅದೇ ಜಾಸ್ತಿ ಸಹಾಯವಾಯಿತು.

ದೀಪಾ ತಮ್ಮಂದಿರನ್ನು ನೋಡಿಕೊಳ್ಳುವುದನ್ನು ಪೂರ್ತಿ ಬಿಟ್ಟಿಲ್ಲ. ದಿನಕ್ಕೆ ಅರ್ಧ ಗಂಟೆ ಆರು ವರ್ಷದವನಿಗೆ ಕಥೆ ಓದುತ್ತಾಳೆ. ಅದನ್ನು ಅವಳೇ ಕೇಳಿ ಇಟ್ಟುಕೊಂಡಿದ್ದು. ಮುಂದಿನ ಜೂನ್‌ಗೆ ಶಾಲೆಗೆ ಹೋಗಿ ಒಂಬತ್ತನೇ ತರಗತಿಗೆ ಸೇರಬೇಕು ಎನ್ನುತ್ತಿದ್ದಾಳೆ. ಅವಳಿಗೆ ಗೆಳತಿಯರು ಬೇಕು. ಮನೆಯವರಿಗೆ ಇನ್ನೂ ಪೂರ್ತಿ ಮನಸ್ಸಿಲ್ಲ, ಮಾತು ನಡೆಯುತ್ತಿದೆ.

ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ನಾನೇ ಫೋನ್ ಮಾಡಿದೆ. ಬೆಳಗಿನ ಐದು ಗಂಟೆವರೆಗೂ ನಿದ್ದೆ ಬರುತ್ತಿದೆ ಎಂದರು ಸವಿತಾ. ಹಿಂದೆ ಪುಟ್ಟನ ಗಲಾಟೆ ಕೇಳಿಸುತ್ತಿತ್ತು, ನೆಗಡಿ ಅಂತ ಅಂಗನವಾಡಿಗೆ ಕಳಿಸಿರಲಿಲ್ಲವಂತೆ. ದೀಪಾಗೆ ಫೋನ್ ಕೊಡಿ ಎಂದೆ.

"ಈಗ ಆಗಲ್ಲ ಮೇಡಂ. ಚಿಲಕ ಹಾಕಿಕೊಂಡಿದ್ದಾಳೆ. ಹತ್ತೂವರೆ ಮೇಲೆ ಮಾಡಿಸ್ತೀನಿ."