ಫೋನ್ ಲಾಕ್ ಪೊಲೀಸ್ರಿಗೆ ಹೇಳ್ಲೇಬೇಕಾ?

ಪ್ರಶ್ನೆ: ಸರ್, ಮೊನ್ನೆ ರಾತ್ರಿ ಬೈಕ್ ನಿಲ್ಸಿ ಮಗನ ಫೋನ್ ಇಸ್ಕೊಂಡು, ಲಾಕ್ ತೆಗೆಸಿ ವಾಟ್ಸಾಪ್ ಎಲ್ಲಾ ನೋಡಿದ್ರಂತೆ. ಅವನ ಮೇಲೆ ಯಾವ ಕೇಸೂ ಇಲ್ಲ. ಹೀಗೆ ಮಾಡ್ಬಹುದಾ?

ಉತ್ತರ: ಕೇಸೇ ಇಲ್ದೆ ಸುಮ್ನೆ ಹಾಗೆ ನೋಡೋದು ತಪ್ಪು ಅಂತಾನೇ ನನ್ನ ಅಭಿಪ್ರಾಯ. 2017ರಲ್ಲಿ ಸುಪ್ರೀಂ ಕೋರ್ಟಿನ 9 ಜಡ್ಜ್‌ಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದ್ರಲ್ಲ, ಫೋನಲ್ಲಿರೋ ಮಾತುಕತೇನೂ ಖಾಸಗೀನೇ ತಾನೇ.

ಕೇಸ್ ಇದ್ದಾಗಿನ ತಕರಾರು ಬೇರೆ. ಆರೋಪಿ ಕೈಲಿ ಅವನ ವಿರುದ್ಧಾನೇ ಬಲವಂತವಾಗಿ ಸಾಕ್ಷಿ ಹೇಳಿಸೋ ಹಾಗಿಲ್ಲ ಅನ್ನುತ್ತೆ ಸಂವಿಧಾನದ 20(3)ನೇ ವಿಧಿ, ಪಾಸ್‌ವರ್ಡ್ ಹೇಳೋದೂ ಸಾಕ್ಷೀನಾ? 2021ರಲ್ಲಿ ಕರ್ನಾಟಕ ಹೈಕೋರ್ಟು ಅಲ್ಲ ಅಂತು, ಆದ್ರೆ ಸಾಮಾನ್ಯವಾಗಿ ಸರ್ಚ್ ವಾರಂಟ್, ಅಂದ್ರೆ ಹುಡುಕೋಕೆ ಕೋರ್ಟಿನ ಆದೇಶ, ಬೇಕು ಅಂತಾನೂ ಹೇಳ್ತು. 2022ರಲ್ಲಿ ದೆಹಲಿಯ ಸಿಬಿಐ ವಿಶೇಷ ಕೋರ್ಟು ಪಾಸ್‌ವರ್ಡ್‌ಗೆ ಬಲವಂತ ಮಾಡೋ ಹಾಗಿಲ್ಲ ಅಂತು. ನನಗೆ ಎರಡನೇದೇ ಸರಿ ಅನ್ಸುತ್ತೆ, ಬೆರಳಚ್ಚು ಕೊಡೋದು ಸಾಕ್ಷಿ ಹೇಳಿದ ಹಾಗಲ್ಲ ಸರಿ, ಆದ್ರೆ ತಲೆಯೊಳಗಿರೋದನ್ನ ಬಾಯಿಬಿಡಿಸೋದು ಬೆರಳಚ್ಚು ತಗೊಂಡ ಹಾಗೆ ಹೇಗಾಗುತ್ತೆ?

ಮುಂದೆ ಹೀಗಾದ್ರೆ ಮಗ ಮೆತ್ತಗೆ "ವಾರಂಟ್ ಇದ್ಯಾ ಸರ್" ಅಂತ ಕೇಳ್ಲಿ, ಜಗಳ ಬೇಡ. ಮೊನ್ನೆದಕ್ಕೆ ದಿನ, ಟೈಮು, ಜಾಗ ಬರೆದು ಮೇಲಧಿಕಾರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಇಸ್ಕೊಳ್ಳೋದು ಮರೀಬೇಡಿ.