ರೇಸ್ ಕುದುರೆ ಮತ್ತು ಜನಪ್ರತಿನಿಧಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಕುದುರೆ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಪಾಲಿಕೆ, ನಗರಸಭೆ, ಪಂಚಾಯತಿಗಳಲ್ಲಿ ಇರುವವರದು ಇಲ್ಲವೇ ಅವರ ಮನೆಯವರದು. ಕೆಲವರಿಗೆ ಕಾಗದಪತ್ರದ ಚಿಂತೆ, ಕೆಲವರಿಗೆ ಮೇವಿನ ಚಿಂತೆ. ಎರಡಕ್ಕೂ ಇಲ್ಲಿ ಉತ್ತರವಿದೆ.

ನಾನು ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ಸದಸ್ಯ. ಇಬ್ಬರು ಗೆಳೆಯರ ಜೊತೆ ಸೇರಿ ಬೆಂಗಳೂರಿನಲ್ಲಿ ಓಡಿಸಲು ಒಂದು ಕುದುರೆಮರಿ ಕೊಳ್ಳಬೇಕೆಂದಿದ್ದೇನೆ. ಸದಸ್ಯನಾಗಿದ್ದುಕೊಂಡು ರೇಸ್ ಕುದುರೆ ಇಟ್ಟುಕೊಳ್ಳಬಹುದೇ? ಎಲ್ಲಿಂದ ಶುರು ಮಾಡಬೇಕು?
— ಹುಬ್ಬಳ್ಳಿ

ಇಟ್ಟುಕೊಳ್ಳಬಹುದು. ಕುದುರೆ ರೇಸು ಕೌಶಲದ ಆಟ, ಜೂಜಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಕುದುರೆ ಇರುವುದು ತಪ್ಪಲ್ಲ. ಅದನ್ನು ಲೆಕ್ಕದಲ್ಲಿ ತೋರಿಸದೆ ಬಿಟ್ಟರೆ ತೊಂದರೆ.

ಮೊದಲು ರೇಸು ನಡೆಸುವ ಟರ್ಫ್ ಕ್ಲಬ್ಬಿನಲ್ಲಿ ಮಾಲೀಕರಾಗಿ ನೋಂದಣಿ ಮಾಡಿಸಿ, ಆಮೇಲೆ ಕುದುರೆ ಕೊಳ್ಳಿ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಸ್ಟಡ್ ಫಾರ್ಮಿಗೆ (ರೇಸ್ ಕುದುರೆ ತಳಿ ಬೆಳೆಸುವ ಜಾಗ) ಹೋದಾಗ ಮರಿ ಕಣ್ಣಿಗೆ ಬೀಳುತ್ತದೆ, ಅಲ್ಲೇ ಮುಂಗಡ ಕೊಟ್ಟು ಬರುತ್ತಾರೆ. ಅರ್ಜಿ ಕ್ಲಬ್ಬಿನ ಸ್ಟೂವರ್ಡ್‌ಗಳ, ಅಂದರೆ ರೇಸಿನ ಮೇಲ್ವಿಚಾರಕರ, ಮುಂದೆ ಹೋಗಿ, ಅವರು ನಿಮ್ಮ ಹಿನ್ನೆಲೆ, ಆದಾಯ ನೋಡಿ ಒಪ್ಪುವವರೆಗೂ ಮರಿ ಸ್ಟಡ್ ಫಾರ್ಮಿನಲ್ಲೇ ತಿನ್ನುತ್ತಿರುತ್ತದೆ, ಬಿಲ್ಲು ನಿಮ್ಮ ಹೆಸರಿಗೆ ಬೆಳೆಯುತ್ತದೆ. ಮೂವರು ಪಾಲುದಾರರಿದ್ದರೆ ಮೂವರೂ ಮಾಲೀಕರಾಗಿ ನೋಂದಣಿಯಾಗಬೇಕು. ಯಾರಿಗೆ ಎಷ್ಟು ಪಾಲು, ತಿಂಗಳ ಖರ್ಚು ಯಾರು ಎಷ್ಟು ಹಾಕಬೇಕು, ಒಬ್ಬರು ಕೈಬಿಟ್ಟರೆ ಪಾಲು ಯಾರಿಗೆ ಎಂಬುದನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಿ. ಮೊದಲ ವರ್ಷ ಕುದುರೆ ಗೆಲ್ಲದಿದ್ದಾಗ ಗೆಳೆತನ ಕೆಡುವುದು ಈ ಕಾಗದ ಇಲ್ಲದಿದ್ದರೆ.

ಕುದುರೆಯ ಕಡೆಯ ದಾಖಲೆ ರೇಸ್ ಕುದುರೆಗಳ ವಂಶಾವಳಿ ಇಡುವ ಪುಣೆಯ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾದಿಂದ ಬರುತ್ತದೆ. ತಂದೆ-ತಾಯಿ ಯಾರೆಂದು ಡಿಎನ್‌ಎ ಪರೀಕ್ಷೆಯಿಂದ ಖಚಿತವಾಗಿರುತ್ತದೆ. ಕುತ್ತಿಗೆಯಲ್ಲಿ ಮೈಕ್ರೊಚಿಪ್ ಇರುತ್ತದೆ, ಜೊತೆಗೆ ಪಾಸ್‌ಪೋರ್ಟ್ ಪುಸ್ತಕ. ದುಡ್ಡು ಕೊಡುವ ಮೊದಲು ಸ್ಕ್ಯಾನರ್ ಹಿಡಿದು ಚಿಪ್ಪಿನ ಸಂಖ್ಯೆ ಪುಸ್ತಕದ ಸಂಖ್ಯೆಗೆ ತಾಳೆಯಾಗುವುದನ್ನು ಕಣ್ಣಾರೆ ನೋಡಿ. ಹೆಸರು ಇಡುವಾಗ ಇಂಗ್ಲಿಷ್‌ನಲ್ಲಿ ಖಾಲಿ ಜಾಗವೂ ಸೇರಿ 18 ಅಕ್ಷರ ಮೀರುವಂತಿಲ್ಲ.

ಮರಿಯನ್ನು ನೋಡುವಾಗ ಬಣ್ಣಕ್ಕೆ ಮರುಳಾಗಬೇಡಿ. ಎದುರಿಗೆ ನಿಂತು ಮುಂಗಾಲು ನೋಡಿ. ಎದೆಯಿಂದ ಗೊರಸಿನವರೆಗೆ ತೂಗುಗುಂಡಿನ ದಾರ ಬಿಟ್ಟಂತೆ ನೇರವಿರಬೇಕು. ದಾರ ಮಂಡಿಯ ನಡುವೆ ಹಾದು ಮಂಡಿಯ ಕೆಳಗಿನ ಎಲುಬು ಹೊರಕ್ಕೆ ಸರಿದಂತೆ ಕಂಡರೆ ಆ ಮಂಡಿ ಮುಂದೆ ಓಟದ ಹೊಡೆತ ತಾಳುವುದು ಕಷ್ಟ. ಆಮೇಲೆ ಕುದುರೆಗಳ ಅನುಭವವಿರುವ ಪಶುವೈದ್ಯರಿಂದ ಮಂಡಿ ಮತ್ತು ಗಿಣ್ಣಿನ ಎಕ್ಸ್‌ರೇ, ಗಂಟಲಿನ ಎಂಡೋಸ್ಕೋಪಿ ಮಾಡಿಸಿ. ಗಂಟಲಿನ ಎಡಬದಿಯ ನರ ಸೋತಿದ್ದರೆ ಓಡುವಾಗ ಉಸಿರು ಸಾಲದು. ನಿಂತಾಗ ಅದು ಯಾರಿಗೂ ಗೊತ್ತಾಗುವುದಿಲ್ಲ. ಒಂದೂವರೆ ವರ್ಷದ ಮರಿ ಕೊಂಡರೆ ಮೊದಲ ರೇಸಿಗೆ ಕನಿಷ್ಠ ಒಂದು ವರ್ಷ ಕಾಯಬೇಕು. ಅಷ್ಟೂ ದಿನ ಟ್ರೇನರ್ ಫೀ, ಮೇವು, ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಪಗಾರ, ಲಾಳ, ಔಷಧ ಎಲ್ಲ ಕೈಯಿಂದ. ಮೂವರೂ ಒಂದು ವರ್ಷದ ಖರ್ಚನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು ಕೆಲಸಕ್ಕೆ ಇಳಿಯಿರಿ.

ಈಗ ಸದಸ್ಯರಾಗಿ ನಿಮ್ಮ ಹೊಣೆ. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ 1976ರ 19ನೇ ಕಲಮಿನಂತೆ ಪಾಲಿಕೆ ಸದಸ್ಯರು ಅಧಿಕಾರ ಶುರುವಾದ ಒಂದು ತಿಂಗಳೊಳಗೆ, ಆಮೇಲೆ ಪ್ರತಿ ವರ್ಷ, ತಮ್ಮ ಮತ್ತು ಅವಿಭಕ್ತ ಕುಟುಂಬದವರ ಆಸ್ತಿ ವಿವರವನ್ನು ಮೇಯರ್‌ಗೆ ಕೊಡಬೇಕು. ಚುನಾವಣೆಗೆ ನಿಂತಾಗ ನಾಮಪತ್ರದ ಜೊತೆ ಅಫಿಡವಿಟ್ ಇದ್ದೇ ಇದೆ. ನಮೂನೆಯಲ್ಲಿ ಕುದುರೆ ಎಂಬ ಸಾಲು ಕಾಣುವುದಿಲ್ಲ ಎಂದು ಬಿಡಬೇಡಿ. ಇತರ ಚರಾಸ್ತಿಯ ಕೆಳಗೆ ಬರೆಯಿರಿ. ಮೂರನೇ ಒಂದು ಪಾಲಿದ್ದರೆ ಅಷ್ಟರದೇ ಬೆಲೆ, ಪಾಲು ಎಷ್ಟೆಂಬ ವಿವರದ ಸಮೇತ. ಟ್ರೇನರ್‌ಗೆ ಬಾಕಿ ಇದ್ದರೆ ಅದು ಸಾಲದ ಕಡೆ ಬರಬೇಕು. ರೇಸ್ ದಿನದ ಪುಸ್ತಕದಲ್ಲಿ ಕುದುರೆಯ ಹೆಸರಿನ ಜೊತೆ ಮಾಲೀಕರ ಹೆಸರು ಅಚ್ಚಾಗುತ್ತದೆ, ಯಾರು ಬೇಕಾದರೂ ಕೊಂಡು ಓದಬಹುದು. ಆ ಪುಸ್ತಕ, ಆಸ್ತಿ ವಿವರ, ಆದಾಯ ತೆರಿಗೆ ರಿಟರ್ನ್ ಮೂರರಲ್ಲೂ ಒಂದೇ ಲೆಕ್ಕ ಇರಬೇಕು.

ಸದಸ್ಯರಾಗಿ ಹೆಸರು ಹೊರಗೆ ಬರುವುದು ಬೇಡವೆಂದು ನಮ್ಮ ಯಜಮಾನರು ಕುದುರೆಯನ್ನು ತಮ್ಮ ಗೆಳೆಯರ ಹೆಸರಲ್ಲಿ ಕೊಳ್ಳುವ ಮಾತಾಡುತ್ತಿದ್ದಾರೆ. ದುಡ್ಡು ಮಾತ್ರ ನಮ್ಮದೇ. ಇದು ಸರಿಯೇ?
— ಧಾರವಾಡ

ಬೇಡವೇ ಬೇಡ, ತಾಯಿ. ದುಡ್ಡು ಒಬ್ಬರದು, ಹೆಸರು ಇನ್ನೊಬ್ಬರದು ಎಂದರೆ ಅದು ಬೇನಾಮಿ. ಬೇನಾಮಿ ತಡೆಯುವ ಕಾಯ್ದೆ ಹೊಲ-ಮನೆಗಷ್ಟೇ ಅಲ್ಲ, ಚರಾಸ್ತಿಗೂ ಅನ್ವಯಿಸುತ್ತದೆ. 2016ರ ತಿದ್ದುಪಡಿಯ ನಂತರ ಶಿಕ್ಷೆ 1ರಿಂದ 7 ವರ್ಷ ಜೈಲು, ಜೊತೆಗೆ ಮಾರುಕಟ್ಟೆ ಬೆಲೆಯ ಶೇ. 25ರವರೆಗೆ ದಂಡ, ಆಸ್ತಿಯೂ ಸರ್ಕಾರದ ಪಾಲು. ಹೆಸರು ಕೊಟ್ಟ ಗೆಳೆಯರೂ ಸಿಕ್ಕಿಬೀಳುತ್ತಾರೆ. ಕ್ಲಬ್ಬಿನ ನಿಯಮದಲ್ಲೂ ಪಾಲನ್ನು ಮುಚ್ಚಿಡುವುದು ಅಪರಾಧವೇ.

ಇನ್ನೊಂದು ಮಾತು. ಕುದುರೆ ಗೆದ್ದರೆ ಬಹುಮಾನದ ಹಣ ಗೆಳೆಯರ ಖಾತೆಗೆ ಹೋಗುತ್ತದೆ. ಅದನ್ನು ನಿಮ್ಮ ಮನೆಗೆ ತರುವ ಸೀದಾ ದಾರಿ ಯಾವುದೂ ಇಲ್ಲ. ಹೆಸರು ಕಾಣುವುದು ಇಷ್ಟವಿಲ್ಲದಿದ್ದರೆ ಕುದುರೆ ಕೊಳ್ಳದಿರುವುದೇ ಯಜಮಾನರಿಗೆ ಲೇಸು. ಅವರಿಗೆ ಈ ಪುಟ ತೋರಿಸಿ.

ನಾನು ಗದಗ-ಬೆಟಗೇರಿ ನಗರಸಭೆಯ ಮಾಜಿ ಸದಸ್ಯ, ಹತ್ತಿ ಜಿನ್ನಿಂಗ್ ವ್ಯಾಪಾರವಿದೆ. ನನ್ನ ಎರಡು ರೇಸ್ ಕುದುರೆಗಳ ಖರ್ಚನ್ನು ಜಿನ್ನಿಂಗ್ ಲಾಭದಲ್ಲಿ ಕಳೆಯಬಹುದೇ?
— ಗದಗ

ಬರುವುದಿಲ್ಲ. ಆದಾಯ ತೆರಿಗೆ ಕಾಯ್ದೆ 1961ರ 74ಎ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ: ರೇಸ್ ಕುದುರೆ ಸಾಕಿದ್ದರ ನಷ್ಟವನ್ನು ರೇಸ್ ಕುದುರೆ ಸಾಕಿದ್ದರ ಆದಾಯದಲ್ಲಿ ಮಾತ್ರ ಕಳೆಯಬಹುದು. ಈ ವರ್ಷ ಆಗದಿದ್ದರೆ ಮುಂದಿನ 4 ವರ್ಷದವರೆಗೆ ಎಳೆದುಕೊಂಡು ಹೋಗಬಹುದು. (2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾಗಿದೆ. ನಿಮ್ಮ ಲೆಕ್ಕಪರಿಶೋಧಕರು ಹೊಸ ಸಂಖ್ಯೆ ನೋಡಿ ಹಾಕಲಿ.)

ಉದಾಹರಣೆಗೆ ಎರಡು ಕುದುರೆಗೂ ಸೇರಿ ವರ್ಷದ ಖರ್ಚು 9 ಲಕ್ಷ, ಬಹುಮಾನ ಎರಡೂವರೆ ಲಕ್ಷ ಎಂದಿಟ್ಟುಕೊಳ್ಳಿ. ನಷ್ಟ ಆರೂವರೆ ಲಕ್ಷ. ಕುದುರೆ ಕೊಂಡ ಬೆಲೆಯನ್ನು ಈ 9 ಲಕ್ಷದಲ್ಲಿ ಸೇರಿಸುವಂತಿಲ್ಲ, ಅದು ಬಂಡವಾಳ. ಎಳೆದುಕೊಂಡು ಹೋಗಲು ಎರಡು ಷರತ್ತಿವೆ: ರಿಟರ್ನನ್ನು ಗಡುವಿನೊಳಗೆ ಸಲ್ಲಿಸಿರಬೇಕು, ಕಳೆಯುವ ವರ್ಷವೂ ನಿಮ್ಮ ಬಳಿ ಓಡುವ ಕುದುರೆ ಇರಬೇಕು. ಎರಡನ್ನೂ ಮಾರಿಬಿಟ್ಟರೆ ಹಳೆಯ ನಷ್ಟ ಅಲ್ಲಿಗೇ ಮುಗಿಯಿತು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನೂ ಒಪ್ಪುವುದಿಲ್ಲ. ಆದ್ದರಿಂದ ಮೇವಿನವರಿಗೆ, ಲಾಳ ಕಟ್ಟುವವರಿಗೆ ಬ್ಯಾಂಕಿನ ಮೂಲಕವೇ ಕೊಡಿ.

ಬಾಜಿಯಲ್ಲಿ ಗೆದ್ದ ಹಣವನ್ನು ಬಹುಮಾನದ ಹಣದ ಜೊತೆ ಬೆರೆಸಬೇಡಿ. ಬಾಜಿ ಗೆಲುವಿಗೆ ನೇರ ಶೇ. 30 ತೆರಿಗೆ. ಅದರಲ್ಲಿ ಯಾವ ಖರ್ಚೂ ಕಳೆಯಲಾಗದು.

ಊರಲ್ಲೇ ಕೂತು ಏಜೆಂಟರ ಮೂಲಕ ಬೆಂಗಳೂರು ರೇಸಿಗೆ ಬಾಜಿ ಕಟ್ಟುವುದು ಕಾನೂನುಬದ್ಧವೇ?
— ಮುಂಡರಗಿ

ಅಲ್ಲ. ಲೈಸೆನ್ಸ್ ಇರುವ ರೇಸ್ ಕೋರ್ಸಿನಲ್ಲಿ, ಅದಕ್ಕೆಂದೇ ಬಿಟ್ಟ ಆವರಣದಲ್ಲಿ, ರೇಸಿನ ದಿನ ಕಟ್ಟಿದರೆ ಮಾತ್ರ ಕಾನೂನಿನ ರಕ್ಷಣೆ. ಓಣಿಯ ಏಜೆಂಟರ ಹತ್ತಿರ ಕಟ್ಟಿದ್ದು ಕರ್ನಾಟಕ ಪೊಲೀಸ್ ಕಾಯ್ದೆಯಂತೆ ಜೂಜು. ಪಂಚಾಯತಿ ಸದಸ್ಯರಾಗಿದ್ದರಂತೂ ಅತ್ತ ಸುಳಿಯಬೇಡಿ.

ನಿವೃತ್ತಿಯಾದ ರೇಸ್ ಕುದುರೆಯೊಂದನ್ನು ತೋಟದ ಮನೆಗೆ ತಂದಿದ್ದೇವೆ. ಸುಮಾರು 450 ಕಿಲೋ ಇದೆ. ಮುರಿದ ಗೋವಿನಜೋಳ, ಗೋಧಿ ಬೂಸಾ, ದನದ ಹಿಂಡಿ ಹಾಕುತ್ತೇವೆ. ಒಂದು ಸಲ ಹೊಟ್ಟೆನೋವು ಬಂತು. ತಪ್ಪು ಎಲ್ಲಿದೆ?
— ಹಾವೇರಿ ತಾಲ್ಲೂಕು

ಮೂರೂ ಪದಾರ್ಥದಲ್ಲಿ ತಪ್ಪಿದೆ. ಒಂದೊಂದಾಗಿ ನೋಡೋಣ, ಏಕೆಂದರೆ ನಿಮ್ಮ ಜಿಲ್ಲೆಯಲ್ಲಿ ಈ ಮೂರೂ ಸುಲಭವಾಗಿ ಸಿಗುವುದರಿಂದಲೇ ಕುದುರೆಗಳು ಹಾಳಾಗುವುದು.

ಗೋವಿನಜೋಳ ಮಳೆಗೆ ಸಿಕ್ಕಿ ಬೂಷ್ಟು ಹಿಡಿದಿದ್ದರೆ ಅದರಲ್ಲಿ ಬೆಳೆಯುವ ಒಂದು ಬಗೆಯ ಶಿಲೀಂಧ್ರದ ವಿಷ ಕುದುರೆಯ ಮೆದುಳನ್ನು ಕರಗಿಸುತ್ತದೆ. ಅದೇ ಕಾಳನ್ನು ಎಮ್ಮೆ ತಿಂದು ಸುಮ್ಮನಿರಬಹುದು, ಕುದುರೆ ತಾಳುವುದಿಲ್ಲ. ಕಣ್ಣು ಕಾಣದಂತೆ ತಡವರಿಸುವುದು, ಒಂದೇ ಕಡೆ ಸುತ್ತುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು ಇದರ ಲಕ್ಷಣ. ಆ ಹಂತಕ್ಕೆ ಬಂದಮೇಲೆ ಮದ್ದಿಲ್ಲ. ಬೇಯಿಸಿದರೂ ವಿಷ ಹೋಗುವುದಿಲ್ಲ. ಮುರಿದ ಕಾಳಿನಲ್ಲಿ ಬೂಷ್ಟು ಬೇಗ ಏಳುತ್ತದೆ, ಹಾಗಾಗಿ ನುಚ್ಚು ಪೂರ್ತಿ ನಿಲ್ಲಿಸಿ.

ಹಿಂಡಿಗೆ ಬಂದರೆ, ದನ-ಕೋಳಿಗಳ ತಯಾರಿ ಆಹಾರದಲ್ಲಿ ಕೆಲವೊಮ್ಮೆ ಮೊನೆನ್ಸಿನ್ ಎಂಬ ಔಷಧ ಸೇರಿರುತ್ತದೆ. ಕೋಳಿಗೆ ಒಗ್ಗುವ ಅದು ಕುದುರೆಯ ಹೃದಯದ ಸ್ನಾಯುವನ್ನು ಕೊಲ್ಲುತ್ತದೆ. ಚೀಲದ ಮೇಲೆ ಕುದುರೆಗೆ ಎಂದು ಬರೆದಿಲ್ಲದ ಯಾವ ತಯಾರಿ ಆಹಾರವನ್ನೂ ಹಾಕಬೇಡಿ.

ಬೂಸಾದಲ್ಲಿ ರಂಜಕ ಬಹಳ, ಸುಣ್ಣದಂಶ ಕಡಿಮೆ. ತಿಂಗಳುಗಟ್ಟಲೆ ಅದನ್ನೇ ಹಾಕಿದರೆ ಕುದುರೆ ತನ್ನ ಎಲುಬಿನ ಸುಣ್ಣವನ್ನೇ ಕರಗಿಸಿಕೊಳ್ಳುತ್ತದೆ, ಮುಖದ ಎಲುಬು ಊದಿಕೊಳ್ಳುತ್ತದೆ. ದಿನಕ್ಕೆ ಒಂದು ಹಿಡಿ ಸಾಕು. ಸುಣ್ಣದಂಶಕ್ಕೆ ಕುದುರೆಮಸಾಲೆ ಸೊಪ್ಪು ಬೆಳೆಯಿರಿ. ಆ ಹೆಸರು ಸುಮ್ಮನೆ ಬಂದಿದ್ದಲ್ಲ.

450 ಕಿಲೋದ, ಕೆಲಸವಿಲ್ಲದ ಕುದುರೆಗೆ ದಿನಕ್ಕೆ 7ರಿಂದ 9 ಕಿಲೋ ಒಣಹುಲ್ಲು, 1ರಿಂದ 2 ಕಿಲೋ ಕಾಳು (ಓಟ್ಸ್ ಉತ್ತಮ) ಮೂರು ಹೊತ್ತಿಗೆ ಹಂಚಿ, ಸುಮಾರು 30 ಗ್ರಾಂ ಉಪ್ಪು, 30ರಿಂದ 40 ಲೀಟರ್ ನೀರು. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ರೇಸಿನಲ್ಲಿದ್ದಾಗ ಅದು 5-6 ಕಿಲೋ ಕಾಳು ತಿನ್ನುತ್ತಿತ್ತು ಎಂದು ಇಲ್ಲೂ ಅಷ್ಟೇ ಹಾಕಿದರೆ ಗೊರಸಿನೊಳಗೆ ಉರಿಯೂತ ಬಂದು ಹೆಜ್ಜೆ ಇಡಲಾಗದೆ ನಿಲ್ಲುತ್ತದೆ. ಮೇವು ಬದಲಿಸುವುದಾದರೆ 10 ದಿನ ತೆಗೆದುಕೊಂಡು ಸ್ವಲ್ಪ ಸ್ವಲ್ಪವಾಗಿ ಬದಲಿಸಿ. ಎಳೆ ಜೋಳದ ಪೈರು, ಕೊಯ್ದ ಮೇಲೆ ಚಿಗುರಿದ ಜೋಳ ಹಾಕಲೇಬೇಡಿ.

ಮತ್ತೆ ಹೊಟ್ಟೆನೋವು ಬಂದರೆ ಏನು ಮಾಡಬೇಕೆಂದು ಲಾಯದ ಗೋಡೆಗೆ ಬರೆದು ಅಂಟಿಸಿ. ಕುದುರೆ ಪಕ್ಕೆ ತಿರುಗಿ ನೋಡುತ್ತದೆ, ಕಾಲಿನಿಂದ ನೆಲ ಕೆರೆಯುತ್ತದೆ, ಮಲಗಿ ಹೊರಳುತ್ತದೆ, ಲದ್ದಿ ನಿಲ್ಲುತ್ತದೆ. ತಕ್ಷಣ ಮೇವು ತೆಗೆಯಿರಿ. ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸಿ. ಸಹಜವಾಗಿ ನಿಮಿಷಕ್ಕೆ 28ರಿಂದ 44. 60 ದಾಟಿದರೆ ಅರ್ಧ ಗಂಟೆಯೂ ಕಾಯದೆ ಪಶುವೈದ್ಯರನ್ನು ಕರೆಸಿ. ವಸಡನ್ನು ಒತ್ತಿ ಬಿಟ್ಟಾಗ 2 ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಮರಳದಿದ್ದರೆ ಅದನ್ನೂ ಫೋನಿನಲ್ಲೇ ಹೇಳಿ. ಬಾಟಲಿಯಲ್ಲಿ ಎಣ್ಣೆ ಕುಡಿಸುವ ನಮ್ಮ ಕಡೆಯ ರೂಢಿ ಕೈಬಿಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕುದುರೆಗೆ ವಾಂತಿ ಮಾಡಲು ಬಾರದು, ಹೊಟ್ಟೆ ತುಂಬಿ ಬಿರಿಯುವ ಅಪಾಯವಿದೆ. ಡಾಕ್ಟರೇ ಮೂಗಿನ ಮೂಲಕ ಕೊಳವೆ ಹಾಕಲಿ.

ಎರೆನೆಲದಲ್ಲಿ ಮಳೆಗಾಲದ ಗೊರಸಿನ ಬಗ್ಗೆಯೂ ಒಂದು ಮಾತು. ಅಂಟುಮಣ್ಣು ಗೊರಸಿನ ಸಂದಿಯಲ್ಲಿ ಕೂತು ಕೊಳೆಯುತ್ತದೆ, ಕೆಟ್ಟ ವಾಸನೆ ಬರುತ್ತದೆ. ದಿನಕ್ಕೆರಡು ಸಲ ಕೆರೆದು ತೆಗೆದು, ಒಣಗಿಸಿ, ಪೊವಿಡೋನ್ ಅಯೋಡಿನ್ ಹಚ್ಚಿ. ಲಾಯದ ಮುಂದೆ ಹತ್ತು ಹೆಜ್ಜೆ ಗರಸು ಹಾಕಿಸಿದರೆ ಅರ್ಧ ಕಾಟ ತಪ್ಪುತ್ತದೆ.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಕುದುರೆಯನ್ನು ಲಾರಿಯಲ್ಲಿ ತರುವಾಗ ಯಾವ ನಿಯಮ?
— ಹುಬ್ಬಳ್ಳಿ

1978ರ ಪ್ರಾಣಿ ಸಾಗಣೆ ನಿಯಮಗಳನ್ನು ನೋಡಿ. ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಬೇಕು. ಸಾಮಾನ್ಯ ಲಾರಿಯಾದರೆ ನೆಲ ಜಾರದಂತೆ ಹಾಸು ಇರಬೇಕು, ಕುದುರೆ ಕುದುರೆಯ ನಡುವೆ ಕನಿಷ್ಠ 8 ಸೆಂಟಿಮೀಟರ್ ದಪ್ಪದ ಬಿದಿರು ಕಟ್ಟಬೇಕು, ತಲೆ ಎಡಕ್ಕೆ, ಅಂದರೆ ಎದುರು ವಾಹನಗಳಿಂದ ದೂರ ಇರಬೇಕು. ವೇಗ ಗಂಟೆಗೆ 35 ಕಿಲೋಮೀಟರ್ ಮೀರುವಂತಿಲ್ಲ. ಸುಮಾರು 400 ಕಿಲೋಮೀಟರ್ ದಾರಿ, ಆದ್ದರಿಂದ ಸಂಜೆ ಹೊರಟು ಬೆಳಗ್ಗೆ ಮುಟ್ಟುವಂತೆ ಯೋಜಿಸಿ. ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ಕೊಡಿ. ತಲೆಯನ್ನು ಎತ್ತರಕ್ಕೆ ಬಿಗಿಯಬೇಡಿ, ಕೆಳಗಿಳಿಸಲು ಆಗದಿದ್ದರೆ ದೂಳು, ಕಫ ಶ್ವಾಸಕೋಶದಲ್ಲೇ ಉಳಿದು ಜ್ವರ ಬರುತ್ತದೆ. ಮುಟ್ಟಿದ ಮೇಲೆ ಮೂರು ದಿನ ಬೆಳಗ್ಗೆ ಜ್ವರ ನೋಡಿ, 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಡಾಕ್ಟರನ್ನು ಕರೆಯಿರಿ.

ವಾರ್ಡಿನ ಹುಡುಗರು ಗಣೇಶ ವಿಸರ್ಜನೆ ಮೆರವಣಿಗೆಗೆ ನನ್ನ ರೇಸ್ ಕುದುರೆ ಬೇಕೆನ್ನುತ್ತಿದ್ದಾರೆ. ಸದಸ್ಯನಾಗಿ ಇಲ್ಲ ಎನ್ನಲು ಸಂಕೋಚ.
— ಹಳೇ ಹುಬ್ಬಳ್ಳಿ

ಸಂಕೋಚಪಡದೆ ಇಲ್ಲ ಎನ್ನಿ. ಮದುವೆ ಮೆರವಣಿಗೆಯ ಕುದುರೆ ಚಿಕ್ಕಂದಿನಿಂದ ಬ್ಯಾಂಡು, ಪಟಾಕಿ ಕೇಳಿ ಬೆಳೆದಿರುತ್ತದೆ. ರೇಸ್ ಕುದುರೆಗೆ ಸದ್ದು ಎಂದರೆ ಓಡು ಎಂದೇ ಅಭ್ಯಾಸ. ಕಬ್ಬಿಣದ ಲಾಳ ಕಾಂಕ್ರೀಟ್ ರಸ್ತೆಯ ಮೇಲೆ ಜಾರುತ್ತದೆ. ಬೆದರಿದರೆ ಇಬ್ಬರು ಹಿಡಿದರೂ ನಿಲ್ಲದು. ಯಾರಿಗಾದರೂ ಪೆಟ್ಟಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ಪ್ರಾಣಿ ನೋಡಿಕೊಳ್ಳುವಲ್ಲಿ ನಿರ್ಲಕ್ಷ್ಯದ ಹೊಣೆ ನಿಮ್ಮದು.

ಹುಡುಗರಿಗೆ ಕುದುರೆ ನೋಡುವ ಆಸೆಯಿದ್ದರೆ ಬೆಳಗಿನ ಹೊತ್ತು, ಮೇವು ತಿಂದ ಮೇಲೆ, ನಾಲ್ಕೈದು ಜನರಂತೆ ಲಾಯಕ್ಕೆ ಕರೆತನ್ನಿ. ಹಿಂದಿನಿಂದ ಯಾರೂ ಹೋಗಬಾರದು. ಮಾತಾಡಿಸುತ್ತ ಎಡಭುಜದ ಕಡೆಯಿಂದ ಹತ್ತಿರವಾಗಲಿ. ಕ್ಯಾರೆಟ್ಟನ್ನು ಉದ್ದಕ್ಕೆ ಸೀಳಿ, ಹೆಬ್ಬೆರಳು ಒಳಗೆ ಸೇರಿಸಿ, ಅಂಗೈ ಚಪ್ಪಟೆ ಮಾಡಿ ಹಿಡಿಯಲಿ. ಗುಂಡಾಗಿ ಕತ್ತರಿಸಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.