ಶಬ್ದ ಬರಲಿ ಎಂದು ಕಾಯಬೇಡಿ, ಚಕ್ರ ಬಿಚ್ಚಿಸಿ ನೋಡಿ

ಪ್ರಶ್ನೆ: ನಮ್ಮ ಸಣ್ಣ ಕಾರು 42,000 ಕಿ.ಮೀ. ಓಡಿದೆ. ಮುಂದಿನ ಬ್ರೇಕ್ ಪ್ಯಾಡ್ ಬದಲಿಸಲೇಬೇಕು ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಬ್ರೇಕ್ ಹಿಡಿದಾಗ ಯಾವ ಶಬ್ದವೂ ಇಲ್ಲ. ನನ್ನ ಭಾವನ ಕಾರೂ ಇದೇ ಮಾದರಿಯದು, ಇಷ್ಟೇ ಓಡಿದೆ, ಅದರ ಪ್ಯಾಡ್ ಚೆನ್ನಾಗಿದೆಯಂತೆ. ರಜೆಯಲ್ಲಿ ನಂದಿ ಬೆಟ್ಟಕ್ಕೆ ಹೋಗುವುದುಂಟು. ಗ್ಯಾರೇಜಿನವರ ಮಾತು ನಂಬಲೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಚಕ್ರ ಬಿಚ್ಚಿ ತೋರಿಸಿ ಎಂದು ಕೇಳಿ. ತೋರಿಸಲು ಒಪ್ಪದವರಿಂದ ಪ್ಯಾಡ್ ಹಾಕಿಸಬೇಡಿ. ಓಡಿದ ಕಿಲೋಮೀಟರ್ ನೋಡಿ, ಚಕ್ರವನ್ನು ಮುಟ್ಟದೆಯೇ ‘ಬದಲಿಸಿ’ ಎನ್ನುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಹಾಗೆ ಹೇಳಿದ ಮಾತು ಒಮ್ಮೊಮ್ಮೆ ಸರಿಯೂ ಇರಬಹುದು, ಆದರೆ ಅದು ಪರೀಕ್ಷೆಯಲ್ಲ.

ಭಾವನ ಕಾರಿನ ಲೆಕ್ಕ ನಿಮ್ಮದಕ್ಕೆ ಹೊಂದುವುದಿಲ್ಲ. ಹೆದ್ದಾರಿ 44ರಲ್ಲಿ ದೇವನಹಳ್ಳಿ ಕಡೆಗೆ ಒಂದೇ ವೇಗದಲ್ಲಿ ಹೋಗಿಬರುವವರು ಬ್ರೇಕ್ ಮುಟ್ಟುವುದೇ ಅಪರೂಪ. ಊರೊಳಗಿನ ದಟ್ಟಣೆಯಲ್ಲಿ ಓಡಾಡಿ, ರಜೆಯಲ್ಲಿ ಬೆಟ್ಟ ಇಳಿಯುವ ಕಾರಿನ ಪ್ಯಾಡ್ ಅದರ ಅರ್ಧ ಬಾಳಿಕೆಗೇ ಮುಗಿದರೂ ಆಶ್ಚರ್ಯವಿಲ್ಲ.

ಹೊಸ ಪ್ಯಾಡಿನಲ್ಲಿ ಡಿಸ್ಕಿಗೆ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಗೆ) ಉಜ್ಜುವ ಪದರ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ದಪ್ಪವಿರುತ್ತದೆ. ಅದು 3 ಮಿ.ಮೀ.ಗೆ ಬಂದರೆ ಬದಲಿಸಿ. 2ಕ್ಕಿಂತ ಕೆಳಗೆ ಇಳಿಯಲು ಬಿಡಲೇಬೇಡಿ. ಅಳೆಯುವಾಗ ಹಿಂದಿನ ಕಬ್ಬಿಣದ ಫಲಕವನ್ನು ಸೇರಿಸಿಕೊಳ್ಳಬಾರದು. ಅಲಾಯ್ ಚಕ್ರದ ಸಂದಿಯಿಂದ ಇಣುಕಿದರೆ ಹೊರಗಿನ ಪ್ಯಾಡ್ ಮಾತ್ರ ಕಾಣುತ್ತದೆ. ಪ್ಯಾಡುಗಳನ್ನು ಡಿಸ್ಕಿಗೆ ಅಮುಕುವ ಕ್ಯಾಲಿಪರ್ ಜಾರುವ ಪಿನ್ನುಗಳು ಧೂಳು ಸೇರಿ, ಗ್ರೀಸ್ ಒಣಗಿ ಬಿಗಿದುಕೊಂಡರೆ ಕಣ್ಣಿಗೆ ಬೀಳದ ಒಳಗಿನ ಪ್ಯಾಡೇ ಮೊದಲು ಸವೆಯುತ್ತದೆ. ಹೊರಗೆ ಅರ್ಧ ಉಳಿದು, ಒಳಗೆ ಫಲಕವೇ ಡಿಸ್ಕಿಗೆ ತಾಗುತ್ತಿರುವ ಕಾರುಗಳು ನನ್ನ ಗ್ಯಾರೇಜಿಗೆ ಬರುತ್ತಲೇ ಇರುತ್ತವೆ. ಆದ್ದರಿಂದ ಚಕ್ರ ಬಿಚ್ಚಿಸಿ, ಎರಡನ್ನೂ ನೋಡಿ. ಪಿನ್ನುಗಳು ಸಲೀಸಾಗಿ ಜಾರುತ್ತವೆಯೇ ಎಂದೂ ಕೇಳಿ, ಇಲ್ಲದಿದ್ದರೆ ಹೊಸ ಪ್ಯಾಡಿಗೂ ಅದೇ ಗತಿ.

ಶಬ್ದವಿಲ್ಲ ಎಂಬ ಕಾರಣಕ್ಕೆ ನಿಶ್ಚಿಂತರಾಗಬೇಡಿ. ಅನೇಕ ಪ್ಯಾಡುಗಳಲ್ಲಿ ಒಂದು ಸಣ್ಣ ಲೋಹದ ನಾಲಗೆ ಇರುತ್ತದೆ. ಪದರ ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೀಚಲು ದನಿ ಬರುತ್ತದೆ. ಎಲ್ಲ ಪ್ಯಾಡುಗಳಲ್ಲೂ ಅದು ಇರುವುದಿಲ್ಲ. ಇದ್ದರೂ ಒಂದು ಬದಿಯ ಪ್ಯಾಡಿಗಷ್ಟೇ ಇರಬಹುದು. ಗರಗರ ಎಂದು ಕೆರೆಯುವ ಸದ್ದು ಕೇಳಿಸಿತೆಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ ಎಂದರ್ಥ. ಆಗ ಪ್ಯಾಡಿನ ಜೊತೆಗೆ ಡಿಸ್ಕಿನ ಖರ್ಚೂ ಬೀಳುತ್ತದೆ.

ಇನ್ನು ನಂದಿ ಬೆಟ್ಟದ ವಿಷಯ. ಶಿಖರ 1,478 ಮೀಟರ್ ಎತ್ತರದಲ್ಲಿದೆ, ರಸ್ತೆಯೋ ತಿರುವಿನ ಮೇಲೆ ತಿರುವು. ಮೇಲಿಂದ ಕೆಳಗಿನವರೆಗೂ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದವರು ಸುಟ್ಟ ವಾಸನೆ ಬರುತ್ತಿದೆ ಎಂದು ಗಾಬರಿಯಿಂದ ಬರುತ್ತಾರೆ. ಪ್ಯಾಡ್ ಮಿತಿಮೀರಿ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಹಳೆಯ ಬ್ರೇಕ್ ಆಯಿಲ್‌ನಲ್ಲಿ ತೇವಾಂಶ ಸೇರಿರುವುದರಿಂದ ಅದು ಬೇಗ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಆಗ ಪೆಡಲ್ ಒತ್ತಿದರೆ ಕಾಲು ಮೆತ್ತಗೆ ಕೆಳಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹತ್ತುವಾಗಿನ ಗೇರಿನಲ್ಲೇ ಇಳಿಯಿರಿ. ಎಂಜಿನ್ನೇ ಕಾರನ್ನು ಹಿಡಿದಿಡಲಿ, ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಮತ್ತೆ ಬಿಡಿ.

ಪ್ಯಾಡ್ ಬದಲಿಸಿದರೆ ಮುಂದಿನ ಎರಡೂ ಚಕ್ರಗಳದ್ದನ್ನು ಒಟ್ಟಿಗೇ ಬದಲಿಸಿ. ಗ್ಯಾರೇಜಿನಿಂದ ಹೊರಡುವ ಮುನ್ನ ಪೆಡಲನ್ನು ಹಲವು ಬಾರಿ ಒತ್ತಿ, ಅದು ಗಟ್ಟಿಯಾಗಿದೆ ಎಂದು ಖಚಿತಪಡಿಸಿಕೊಳ್ಳಿ. ಮೊದಲ ಕೆಲವು ನೂರು ಕಿಲೋಮೀಟರ್ ಹೊಸ ಪ್ಯಾಡ್ ಡಿಸ್ಕಿಗೆ ಕೂಡಿಕೊಳ್ಳಬೇಕು. ಮಾರನೆಯ ದಿನವೇ ಬೆಟ್ಟಕ್ಕೆ ಹೋಗುವುದು ಬೇಡ.

ಪ್ರಶ್ನೆ: ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ನಿಧಾನವಾಗಿ ಇಳಿಯುತ್ತಿದೆ. ತುಂಬಿಸಿಬಿಡಲೇ?
– ಓದುಗರು, ಶಿಡ್ಲಘಟ್ಟ

ಉತ್ತರ: ಮೊದಲು ಪ್ಯಾಡ್ ನೋಡಿಸಿ. ಪ್ಯಾಡ್ ಸವೆದಂತೆ ಅದನ್ನು ಒತ್ತುವ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯಿಂದ ಆಯಿಲ್ ಇಳಿಯುತ್ತದೆ. ಈಗ ತುಂಬಿಸಿದರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಅದು ಉಕ್ಕಿ ಚೆಲ್ಲುತ್ತದೆ. ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೂ ತಿನ್ನುತ್ತದೆ. ಮಟ್ಟ ಥಟ್ಟನೆ ಇಳಿದಿದ್ದರೆ ಅಥವಾ ಚಕ್ರದ ಒಳಬದಿ ಒದ್ದೆಯಿದ್ದರೆ ಅದು ಸೋರಿಕೆ. ಕಾರು ಓಡಿಸಬೇಡಿ, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ. ಆಯಿಲ್ ಹಾಕಿಸಿ ಎರಡು ವರ್ಷ ದಾಟಿದ್ದರೆ ಪೂರ್ತಿ ಬದಲಿಸಿ.

ಪ್ರಶ್ನೆ: ಮಳೆ ಬಂದ ಮಾರನೆಯ ಬೆಳಿಗ್ಗೆ ಬ್ರೇಕ್ ಕರಕರ ಎನ್ನುತ್ತದೆ.
– ಓದುಗರು, ಬಾಗೇಪಲ್ಲಿ

ಉತ್ತರ: ಡಿಸ್ಕಿನ ಮೇಲೆ ರಾತ್ರಿ ಕೂತ ತೆಳು ತುಕ್ಕು ಅದು. ನಾಲ್ಕಾರು ಬಾರಿ ಬ್ರೇಕ್ ಹಿಡಿದ ಮೇಲೆ ಹೋಗಬೇಕು. ಹೋಗದಿದ್ದರೆ ಚಕ್ರ ಬಿಚ್ಚಿಸಿ.